ಎಡಗೈಯವಳ ಗಿಟಾರು

ಜೂನ್ ೧೨, ಬುಧವಾರ

ಮುಧೋಳದಿಂದ ಒಂದು ಹುಡುಗಿ ಬಂದಿದ್ದಳು. ಹೆಸರು ಅನುರಾಧಾ. ಅಲ್ಲಿ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ರಜೆಯ ದಿನ ಜಮಖಂಡಿಯ ಜಕ್ಕಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾಳೆ. ಹುಟ್ಟಾ ಎಡಗೈಯವಳು. ಎಡಗೈಯವರ ಗಿಟಾರು ಈ ಕಡೆಯ ಅಂಗಡಿಗಳಲ್ಲಿ ಸಿಗುವುದಿಲ್ಲವಂತೆ. ಬಲಗೈಯವರದ್ದನ್ನೇ ತಲೆಕೆಳಗು ಮಾಡಿ, ತಂತಿ ಅದಲುಬದಲು ಕಟ್ಟಿ ಬಾರಿಸುತ್ತಿದ್ದಾಳೆ. ಅದನ್ನೂ ಹೆಗಲಿಗೆ ಹಾಕಿಕೊಂಡು ಬಂದಿದ್ದಳು.

"ಕಾಕಾ, ನನ್ನ ಕೈಗೆ ಹೊಂದೂವಂಥಾದ್ದು ಒಂದು ಮಾಡಿ ಕೊಡ್ರಿ. ಕರೆಂಟಿನ ಗಿಟಾರ್. ರಬಕವಿ ನಾಮದೇವ ಮಾಸ್ತರಂಥಾ ಕಿವಿ ಈ ಸೀಮ್ಯಾಗ ಯಾರಿಗೂ ಇಲ್ಲ ಅಂತಾರ್ರಿ."

ಹೊಗಳಿಕೆಗೆ ಬೀಳುವವನು ನಾನಲ್ಲ ಎಂದು ಬರೆಯೋಣವೆಂದರೆ ಈ ಡೈರಿಯನ್ನು ಓದುವವನೂ ನಾನೇ. ಬಿದ್ದೆ. ಮೂವತ್ತು ವರ್ಷದಿಂದ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಿಕೊಂಡು ಬಂದವನು ನಾನು. ಈಗ ಭಜನೆಯವರು ಮೊಬೈಲಿನಲ್ಲೇ ಶ್ರುತಿ ಹಚ್ಚಿಕೊಂಡು ಕೂಡುತ್ತಾರೆ. ಕೈಗೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿರುವ ನಾಚಿಕೆ ನನಗೇ ಗೊತ್ತು. ಹೆಂಡತಿ ಅಂಜನಾ ಸೊಸೈಟಿಗೆ ಕೆಲಸಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಡುವುದು ನಾನು. ಓಣಿಯವರು ನೋಡಬಾರದೆಂದು ಅಡುಗೆಮನೆಯಲ್ಲೇ ಕೊಟ್ಟುಬಿಡುತ್ತೇನೆ.

ಹುಡುಗಿ ಹೋಗುವಾಗ ಪೇಢೆಯ ಪೊಟ್ಟಣವನ್ನು ಎಡಗೈಯಲ್ಲಿ ಚಾಚಿದಳು. ನಾನು ಕೈ ಮುಂದೆ ಮಾಡಲಿಲ್ಲ. ಕೊನೆಗೆ ಅವಳಿಗೆ ತಿಳಿಯಿತು, ಬಲಗೈಗೆ ಬದಲಿಸಿ ಕೊಟ್ಟಳು, ತೆಗೆದುಕೊಂಡೆ. ಟೀಚರಾದವಳಿಗೆ ಇಷ್ಟಾದರೂ ರೀತಿ ಬೇಡವೇ?

ಜೂನ್ ೨೪, ಸೋಮವಾರ

ಲೋಕಾಪುರದ ಸಾಮಿಲ್ಲಿನಿಂದ ಶಿವಣಿ ಹಲಗೆ ತಂದೆ. ಒಣಗಿದ ಮಾಲು, ಬಡಿದರೆ ಗಂಟೆ ಬಾರಿಸಿದ ಹಾಗೆ ಅನ್ನುತ್ತದೆ. ಕತ್ತಿಗೆ ಸಾಗವಾನಿ. ತಂತಿಯ ದನಿ ಹಿಡಿಯುವ ಪಿಕಪ್ಪು, ಕಿವಿ ಹಿಂಡುವ ಬಿರಡೆ, ಎಲ್ಲ ಪುಣೆಯಿಂದ ಕೊರಿಯರ್‌ನಲ್ಲಿ ಬಂದವು.

ಹಲಗೆಯ ಮೇಲೆ ಗಿಟಾರಿನ ಆಕಾರ ಗೀಚುತ್ತಿದ್ದಾಗ ಅಮಸಿದ್ದಪ್ಪ ಬಂದ. ಭಜನಾ ಮೇಳದ ಮುಖ್ಯ ಹಾಡುಗಾರ, ನನ್ನ ಬಾಲ್ಯದ ಗೆಳೆಯ. ಗಡಬಡಿಸಿ ಹಲಗೆಯ ಮೇಲೆ ಚಾದರ ಎಳೆದೆ.

"ಏನಲೇ ಅದು, ಹೆಣಾ ಮುಚ್ಚಿದಂಗ ಮುಚ್ಚಿ?"

"ಏನಿಲ್ಲೋ, ಮಾಡದ ಬಾಗಲಾ."

ಗೋಡೆಯ ಮಾಡದ ಬಾಗಿಲಿಗೆ ಸೊಂಟ ಇರುತ್ತದೆಯೇ? ಅವನು ನಕ್ಕು ಚಹಾ ಕುಡಿದು ಹೋದ. ಪೇಟಿಯ ನಾಮದೇವ ಆರ್ಕೆಸ್ಟ್ರಾದ ಪೋರಿಗೆ ಗಿಟಾರು ಮಾಡಾಕತ್ತಾನ ಎಂದು ಮೇಳದಲ್ಲಿ ಸುದ್ದಿಯಾದರೆ ನಾನು ಮುಖ ತೋರಿಸುವುದು ಹೇಗೆ? ಇನ್ನು ಮೇಲೆ ಹಗಲೂ ಬಾಗಿಲು ಹಾಕಿಕೊಂಡು ಕೆಲಸ ಮಾಡಬೇಕು. ಸೆಕೆಗೆ ಬೆವರು ಹಲಗೆಯ ಮೇಲೆ ಬೀಳುತ್ತದೆ, ಬೀಳಲಿ.

ಜುಲೈ ೯, ಮಂಗಳವಾರ

ಇಂದು ಫ್ರೆಟ್ಟಿನ ಕೆಲಸ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸುವ ಸಣ್ಣ ಲೋಹದ ಪಟ್ಟಿಗಳಿವು. ಬೆರಳು ಒತ್ತಿದಾಗ ತಂತಿ ಪಟ್ಟಿಗೆ ತಾಗಿ ಅಲ್ಲಿಂದ ಸುರ ಹುಟ್ಟುತ್ತದೆ. ಪಟ್ಟಿ ಕೂದಲೆಳೆ ಆಚೀಚೆಯಾದರೂ ಸುರ ಕೆಟ್ಟಿತು.

ಅನುರಾಧಾ ಅಂದೇ ಹೇಳಿದ್ದಳು, "ನನ್ನ ಹಳೇ ಗಿಟಾರಿನ ಅಳತಿ ತಗೊಂಡು ಬಿಡ್ರಿ ಕಾಕಾ" ಎಂದು. ಕಾರ್ಖಾನೆಯ ಮಾಲಿನ ಅಳತೆಯನ್ನು ನಾನು ತೆಗೆದುಕೊಳ್ಳುವುದೇ? ಅವಳನ್ನು ಅದರ ಸಮೇತ ಕಳಿಸಿದ್ದೆ. ನನ್ನ ಹತ್ತಿರ ನನ್ನ ಪೇಟಿ ಇದೆ. ಅಮಸಿದ್ದಪ್ಪನ ಕಂಠಕ್ಕೆ, ಕಪ್ಪು ಒಂದರ ಶ್ರುತಿಗೆ, ಗಾಳಿಗೆ ನುಡಿಯುವ ಒಂದೊಂದೇ ಹಿತ್ತಾಳೆ ರೀಡು ಕೆರೆದು ಕೂಡಿಸಿದ ಪೇಟಿ. ಅದರ ಗಾಂಧಾರ ಕೇಳಿ ವಾದ್ಯಗಳಿಗೆ ಹೆಸರಾದ ಮಿರಜಿನವರೂ ತಲೆದೂಗಿದ್ದಾರೆ. ಅಂಗಡಿಯ ಪೇಟಿಯ ಗಾಂಧಾರ ಒಂದು ಕೂದಲು ಏರಿರುತ್ತದೆ, ಕಿವಿಗೆ ಚುಚ್ಚುತ್ತದೆ. ನಾನು ಅದನ್ನು ಇಳಿಸಿ ಕೂರಿಸುತ್ತೇನೆ.

ಪೇಟಿಯ ಒಂದೊಂದೇ ಮನೆ ಒತ್ತಿ ಹಿಡಿದು, ತಂತಿಯ ಕೆಳಗೆ ಮೊಳೆ ಸರಿಸುತ್ತ, ಎರಡೂ ದನಿ ಒಂದಾದಲ್ಲಿ ಚಾಕುವಿನಿಂದ ಗೆರೆ ಎಳೆದೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಊಟಕ್ಕೂ ಏಳಲಿಲ್ಲ. ಎಷ್ಟೋ ದಿನಗಳ ಮೇಲೆ ನಾನು ನಾನಾಗಿದ್ದೆ.

ಜುಲೈ ೨೮, ರವಿವಾರ

ನಮ್ಮ ಓಣಿಯಲ್ಲಿ ಪಾಲಿಶ್ ಹಚ್ಚುವುದೆಂದರೆ ಶಿಕ್ಷೆ. ನಾಲ್ಕೂ ಕಡೆ ಪಾವರ್‌ಲೂಮ್. ಹತ್ತಿಯ ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ, ಹಸಿ ಪಾಲಿಶಿನ ಮೇಲೆ ಕೂತು ಗಿಟಾರಿಗೆ ಗಡ್ಡ ಬರಿಸುತ್ತದೆ. ಎರಡು ಸಲ ಕೆರೆದು ತೆಗೆದೆ. ಇಂದು ಮಗ್ಗಗಳಿಗೆ ರಜೆ ಇತ್ತು. ನೆಲಕ್ಕೆ ನೀರು ಹೊಡೆದು, ತೊಯ್ದ ಸೀರೆಗಳನ್ನು ಬಾಗಿಲಿಗೆ ಇಳಿಬಿಟ್ಟು ಹಚ್ಚಿದೆ. ಅವಳು ಕೇಳಿದ್ದು ನೇರಳೆ ಬಣ್ಣ. ಕನ್ನಡಿಯ ಹಾಗೆ ಬಂದಿದೆ.

ಅಂಜನಾ ಬಾಗಿಲಲ್ಲಿ ನಿಂತು ನೋಡಿ, "ನನ್ನ ಸೀರಿ ತೋಯಿಸಿದ್ದಕ್ಕ ಸಾರ್ಥಕ ಆತು ಬಿಡ್ರಿ" ಅಂದಳು. ಅವಳ ಬಾಯಲ್ಲಿ ಅಷ್ಟು ಬಂದರೆ ಅದು ಸನ್ಮಾನ.

ಆಗಸ್ಟ್ ೨೦, ಮಂಗಳವಾರ

ಅನುರಾಧಾ ಬಂದಳು. ಗಿಟಾರನ್ನು ಹೆಗಲಿಗೇರಿಸಿ ಎಡಗೈಯನ್ನು ತಂತಿಯ ಮೇಲೆ ಇಟ್ಟಾಗ ಅವಳ ಕಣ್ಣು ತುಂಬಿದವು. "ಮೊದಲನೇ ಸಲ ನೆಟ್ಟಗ ಹಿಡದೇನ್ರಿ ಕಾಕಾ" ಅಂದಳು. ನಾನು ಪೇಟಿಯಲ್ಲಿ ಸಾ ಹಿಡಿದೆ, ಅವಳು ಒಂದೇ ತಂತಿಯ ಮೇಲೆ ಒಂದು ಭಜನೆಯ ಸಾಲು ಬಾರಿಸಿದಳು. ಜೇನು. ಅಮಸಿದ್ದಪ್ಪನೂ ಇದ್ದ (ಈಗ ಅವನಿಗೆಲ್ಲ ಗೊತ್ತು), ಅವನೂ ದನಿಗೂಡಿಸಿದ. "ಲೇ ನಾಮ್ಯಾ, ಇದು ಗಿಟಾರ್ ಅಲ್ಲಲೇ, ನನ್ನ ಗಂಟಲಾ!" ಅಂದ.

ಆಮೇಲೆ ಅವಳು ನಾಲ್ಕು ಬೆರಳು ಕೂಡಿಸಿ ನಾಲ್ಕೈದು ತಂತಿ ಒಟ್ಟಿಗೆ ಒತ್ತಿದಳು. ಆರ್ಕೆಸ್ಟ್ರಾದಲ್ಲಿ ಹಾಗೆಯೇ ಬಾರಿಸುವುದಂತೆ. ಒತ್ತಿ, ಬಿಟ್ಟು, ಮತ್ತೆ ಒತ್ತಿದಳು.

"ಕಾಕಾ, ಕೂಡಿಸಿ ಒತ್ತಿದಾಗ ಒಂಚೂರು ಹುಳಿ ಅನಸಾಕತ್ತೈತ್ರಿ."

"ಇಷ್ಟು ದಿನಾ ಸುಳ್ಳ ಸುರ ಕೇಳಿ ಕೇಳಿ ನಿನ್ನ ಕಿವಿ ಕೆಟ್ಟೈತವಾ. ಇದು ಖರೆ ಸುರ. ಕೈ ರೂಢಿ ಆಗಲಿ."

"ಹೌದಿರಬೇಕ್ರಿ" ಅಂದಳು. ಚಲೋ ಹುಡುಗಿ, ಹಿರಿಯರ ಮಾತು ತಿಳಿಯುತ್ತದೆ. ಗಣೇಶ ಹಬ್ಬದಲ್ಲಿ ಜಮಖಂಡಿಯಲ್ಲಿ ಅವರ ಕಾರ್ಯಕ್ರಮ ಇದೆ, ನನ್ನನ್ನೂ ಕರೆದಿದ್ದಾಳೆ.

ಸೆಪ್ಟೆಂಬರ್ ೧೨, ಗುರುವಾರ

ನಿನ್ನೆಯದನ್ನು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆಯಲ್ಲಿ ಅದೇ ಸುತ್ತುತ್ತದೆ.

ಜಮಖಂಡಿಯ ಗಣೇಶ ಮಂಟಪದ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಜಕ್ಕಪ್ಪ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ, ಮೈಕಿನಲ್ಲಿ ನನ್ನ ಹೆಸರು ಹೇಳಿ ಎಬ್ಬಿಸಿ ನಿಲ್ಲಿಸಿದ. ನಾನು ನಾಲ್ಕೂ ಕಡೆ ಕೈ ಮುಗಿದೆ. ಅಂಜನಾ ಪಕ್ಕದಲ್ಲಿ ಹೊಸ ಸೀರೆಯ ಸೆರಗು ಸರಿಮಾಡಿಕೊಂಡಳು.

ಮೊದಲ ಹಾಡು ಶುರುವಾಗಿ ಗಿಟಾರು ಕೀಬೋರ್ಡಿನ ಜೊತೆ ಕೂಡಿದ ಕೂಡಲೇ ಏನೋ ಹದಗೆಟ್ಟಿತು. ಎರಡು ಎತ್ತು ಎರಡು ದಿಕ್ಕಿಗೆ ಎಳೆದ ಹಾಗೆ. ಹಾಡುವವನು ತಿರುಗಿ ತಿರುಗಿ ನೋಡಿದ. ಅನುರಾಧಾ ಬಿರಡೆ ತಿರುವಿದಳು, ಮತ್ತೆ ತಿರುವಿದಳು, ಇನ್ನೂ ಕೆಟ್ಟಿತು. ಹಾಡು ಮುಗಿದ ಮೇಲೆ ಜಕ್ಕಪ್ಪ ಮೈಕಿನಲ್ಲೇ, "ನಮ್ಮ ಎಡಗೈ ಮೇಡಂ ಇವತ್ತ ಉಲ್ಟಾ ಊಟಾ ಮಾಡಿ ಬಂದಾರ" ಅಂದ. ಜನ ಹೋ ಎಂದು ನಕ್ಕರು. ಎರಡನೆಯ ಹಾಡಿಗೆ ಅವನು ಕಣ್ಸನ್ನೆ ಮಾಡಿ ಅವಳ ಗಿಟಾರಿನ ದನಿಯನ್ನು ಮಿಷಿನ್ನಿನಲ್ಲೇ ಬಂದ್ ಮಾಡಿಸಿದ. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೂ ಅವಳು ಬಾರಿಸುತ್ತಲೇ ನಿಂತಿದ್ದಳು, ಯಾರಿಗೂ ಏನೂ ಕೇಳಿಸಲಿಲ್ಲ.

ಕೊನೆಗೆ ವೇದಿಕೆಯ ಹಿಂದೆ ಎಲ್ಲರ ಎದುರಿಗೆ ಜಕ್ಕಪ್ಪ ನನ್ನನ್ನು ಕೇಳಿದ, "ಮಾಸ್ತರ, ಸಾಮಾನಿಂದೇನು ತಪ್ಪಿಲ್ಲಲ್ರಿ?"

"ಸಾಮಾನು ಚೊಕ್ಕ ಐತಿ. ಎಡಗೈ ಆಟಾ, ರೂಢಿ ಆಗಬೇಕು" ಅಂದೆ.

ಅನುರಾಧಾ ಅಲ್ಲೇ ಗಿಟಾರಿನ ವೈರು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ಹೇಳಿದ್ದು ಖರೆಯೇ. ಸಾಮಾನು ಚೊಕ್ಕ ಇದೆ. ನಾನೇ ಕೂಡಿಸಿದ್ದು.

ಸೆಪ್ಟೆಂಬರ್ ೧೬, ಸೋಮವಾರ

ಅವಳು ಬಂದು ಗಿಟಾರನ್ನು ಬಿಟ್ಟುಹೋದಳು. ಒಳಗೆ ಬರಲಿಲ್ಲ. "ಇಲ್ಲೇ ಇರಲಿ ಕಾಕಾ. ಕೈ ರೂಢಿ ಆದಮ್ಯಾಲೆ ಒಯ್ತೀನಿ" ಅಂದಳು. ಒಂದು ಕಟು ಮಾತಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಅಂಜನಾ ನೀರು ಕೊಟ್ಟಳು. ಹುಡುಗಿ ಬಲಗೈಯಲ್ಲೇ ತೆಗೆದುಕೊಂಡಳು, ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡಳು.

ಸೆಪ್ಟೆಂಬರ್ ೧೯, ಗುರುವಾರ

ಗಿಟಾರು ಗೂಟಕ್ಕೆ ನೇತುಬಿದ್ದಿದೆ. ಅದರ ಕಡೆ ಬೆನ್ನು ಮಾಡಿ ಕೂರುತ್ತೇನೆ.

ಸೆಪ್ಟೆಂಬರ್ ೨೩, ಸೋಮವಾರ

ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಈ ಗದ್ದಲ ನಮ್ಮ ಕಿವಿಗೆ ಎಷ್ಟು ಅಂಟಿಕೊಂಡಿದೆಯೆಂದರೆ ಅದು ನಿಂತಾಗಲೇ ಇತ್ತೆಂದು ಗೊತ್ತಾಗುವುದು. ಸುಮ್ಮನೆ ಕೂರಲಾರದೆ ಗಿಟಾರನ್ನು ಇಳಿಸಿದೆ. ಅವಳು ಒತ್ತುತ್ತಿದ್ದ ಹಾಗೆ ಎರಡು ತಂತಿ ಕೂಡಿಸಿ ಒತ್ತಿ ಮೀಟಿದೆ. ಕರೆಂಟಿಲ್ಲದ ಗಿಟಾರಿನ ದನಿ ಸಣ್ಣ. ಆ ನಿಶ್ಶಬ್ದದಲ್ಲಿ ಅಷ್ಟು ಸಾಕಾಯಿತು.

ದನಿ ತೂಗುತ್ತಿತ್ತು. ವಂವ್, ವಂವ್, ವಂವ್. ಎರಡು ರೀಡು ಕೂಡದಿದ್ದಾಗ ಬರುವ ತೂಗಾಟ. ಮೂವತ್ತು ವರ್ಷ ನಾನು ಅನ್ನ ತಿಂದದ್ದು ಆ ತೂಗಾಟವನ್ನು ಹಿಡಿದು ತೆಗೆಯುವುದರಿಂದ. ಬೇರೆ ಕಡೆ ಒತ್ತಿದೆ. ಅಲ್ಲಿಯೂ ಇತ್ತು. ಎಲ್ಲ ಕಡೆ ಇತ್ತು.

ಪೇಟಿಯಲ್ಲಿ ಒಂದು ರೀಡನ್ನು ಇಳಿಸಿದರೆ ಅದೊಂದೇ ಇಳಿಯುತ್ತದೆ. ಗಿಟಾರಿನಲ್ಲಿ ಒಂದು ಪಟ್ಟಿ ಆರೂ ತಂತಿಗೆ ಅಡ್ಡ ಕೂತಿರುತ್ತದೆ. ನಾನು ಒಂದು ತಂತಿಯ ಗಾಂಧಾರ ನೋಡಿ ಪಟ್ಟಿ ಕೂರಿಸಿದೆ, ಉಳಿದ ಐದು ಕೆಟ್ಟವು. ಅವಳ ಕಾರ್ಖಾನೆಯ ಗಿಟಾರಿನಲ್ಲಿ ಎಲ್ಲ ಸುರವೂ ಚೂರು ಚೂರು ಸೋತು ಒಂದಕ್ಕೊಂದು ಹೊಂದಿಕೊಂಡಿದ್ದವು. ನಾನು ಅಮಸಿದ್ದಪ್ಪನ ಗಂಟಲಿಗೆ ಗಿಟಾರು ಮಾಡಿ ಅನುರಾಧಾಳ ಕೊರಳಿಗೆ ಹಾಕಿದೆ.

ಕರೆಂಟು ಬಂತು, ಮಗ್ಗಗಳು ಶುರುವಾದವು. ಆ ಗದ್ದಲಕ್ಕೆ ಇಷ್ಟು ಉಪಕಾರ ನಾನು ಎಂದೂ ನೆನೆದಿರಲಿಲ್ಲ.

ಸೆಪ್ಟೆಂಬರ್ ೨೪, ಮಂಗಳವಾರ

ಇನ್ನೊಂದು ಮಾತು ರಾತ್ರಿಯೆಲ್ಲ ಚುಚ್ಚಿತು. ಎಡಗೈಯವರು ಸುರ ಒತ್ತುವುದು ಬಲಗೈಯಲ್ಲಿ. ಎಡಗೈ ಬರೀ ಮೀಟುತ್ತದೆ. ಸುರ ಕೆಟ್ಟರೆ ಅದರಲ್ಲಿ ಎಡಗೈಯ ಪಾಲೇ ಇಲ್ಲ. ಅಷ್ಟೂ ಯೋಚಿಸದೆ ಎಲ್ಲರ ಮುಂದೆ ಎಡಗೈ ಆಟ ಅಂದೆನಲ್ಲ. ಥೂ ನನ್ನ ಬಾಯಿಗೆ.

ಅಕ್ಟೋಬರ್ ೩, ಗುರುವಾರ

ಒಂದು ಉಪಾಯ ಹೊಳೆದಿದೆ. ಹೊಸ ಕತ್ತು ಮಾಡಿ, ಸರಿಯಾದ ಅಳತೆಗೆ ಪಟ್ಟಿ ಕೂರಿಸಿ, ತಂತಿ ಬದಲಿಸಿದೆ ಎಂದಷ್ಟೇ ಹೇಳಿ ಅವಳಿಗೆ ಕೊಟ್ಟುಬಿಡುವುದು. ಬಾರಿಸಿದರೆ ತಾನೇ ಸರಿಹೋಗುತ್ತದೆ. ಅವಳಿಗೂ ಖುಷಿ, ನನ್ನ ಮರ್ಯಾದೆಗೂ ಧಕ್ಕೆಯಿಲ್ಲ.

ಅಳತೆಗಾಗಿ ಜಮಖಂಡಿಯ ಒಂದು ಅಂಗಡಿಗೆ ಹೋದೆ. ಗೋಡೆಗೆ ತೂಗುಹಾಕಿದ ಗಿಟಾರಿಗೆ ಟೇಪು ಹಿಡಿದೆ. ಅಂಗಡಿಯವನು ಗುರುತು ಹಿಡಿದ. "ಅರೇ, ಗಣಪತಿ ಪ್ರೋಗ್ರಾಮಿನ್ಯಾಗ ಎದ್ದು ನಿಂತಿದ್ರಲ್ಲ, ಗಿಟಾರ್ ಮಾಸ್ತರ. ನೀವ್ಯಾಕ್ರಿ ಅಳತಿ ತಗೋತೀರಿ?" ಎಂದ. ಗೋಡೆಗೆ ಹಲಗೆ ಹೊಡೆಯಬೇಕಿತ್ತು ಎಂದೇನೋ ಗೊಣಗಿದೆ. ಐವತ್ತೆರಡರ ವಯಸ್ಸಿನಲ್ಲಿ ಕದ್ದು ಸಿಕ್ಕಿಬಿದ್ದವನ ಹಾಗೆ ಬೆವತು ಬಸ್‌ಸ್ಟ್ಯಾಂಡಿಗೆ ಬಂದೆ.

ಅಕ್ಟೋಬರ್ ೧೧, ಶುಕ್ರವಾರ

ಖಂಡೇಪೂಜೆ. ಉಳಿ, ಅರ, ಗರಗಸ, ಎಲ್ಲಕ್ಕೂ ಕುಂಕುಮ ಹಚ್ಚಿದೆ. ಇವುಗಳ ತಪ್ಪೇನೂ ಇಲ್ಲ, ನಾನು ತೋರಿಸಿದಲ್ಲಿ ಕೊಯ್ದವು. ತಪ್ಪಿದ ಹತಾರ ತಲೆಯ ಎರಡು ಕಡೆ ಅಂಟಿಕೊಂಡಿದೆ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಅಕ್ಟೋಬರ್ ೧೮, ಶುಕ್ರವಾರ

ಹೊಸ ಕತ್ತು ಕೂತಿತು. ಈ ಸಲ ಬಾಗಿಲು ತೆರೆದೇ ಕೆಲಸ ಮಾಡಿದೆ, ಬಿಸಿಲು ಬೇಕಿತ್ತು. ಓಣಿಯ ಹೆಂಗಸರು ನಿಂತು ನಿಂತು ನೋಡಿದರು. ಅಮಸಿದ್ದಪ್ಪ ಬಂದು ಕೂತ. ಹೊಸ ಗಾಂಧಾರ ಕೇಳಿ ಮುಖ ಕಿವುಚಿ, "ಹಿಂದಿಂದs ಚಲೋ ಇತ್ತಲೇ, ಇದು ಚುಚ್ಚತೈತಿ" ಅಂದ.

"ನಿನಗಲ್ಲೋ ಇದು" ಅಂದೆ.

ಬುತ್ತಿ ತೆಗೆದುಕೊಳ್ಳದೆ ಹೊರಟಿದ್ದ ಅಂಜನಾಳಿಗೆ ಕಟ್ಟೆಯ ತನಕ ಓಡಿಹೋಗಿ ಬುತ್ತಿ ಕೊಟ್ಟೆ. ಆಗ ಉಪಾಯದ ವಿಷಯ ಹೇಳಿದೆ: ರವಿವಾರ ಹೋಗಿ ಗಿಟಾರನ್ನು ಕೊಟ್ಟು ಸುಮ್ಮನೆ ಬಂದುಬಿಡುತ್ತೇನೆ. ಅವಳು ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡು, "ಗಿಟಾರ್ ರಿಪೇರಿ ಆತು. ಆ ಪೋರಿ ಹೆಸರು ಕೆಟ್ಟಿದ್ದು?" ಎಂದಳು.

ಉತ್ತರಕ್ಕೂ ಕಾಯಲಿಲ್ಲ, ಹೋದಳು. ಕಟ್ಟೆಯ ಮೇಲೆ ನಿಂತೇ ಇದ್ದೆ.

ಅಕ್ಟೋಬರ್ ೨೦, ರವಿವಾರ

ಜಮಖಂಡಿಯಲ್ಲಿ ಜಕ್ಕಪ್ಪನ ಮನೆಯ ಮಾಳಿಗೆಯ ಮೇಲೆ ಅವರ ಪ್ರ್ಯಾಕ್ಟೀಸು ನಡೆಯುತ್ತದೆ. ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದೆ. ಹೇಳಬೇಕಾದ ಮಾತು ದಾರಿಯುದ್ದಕ್ಕೂ ಕೂಡಿಸಿದ್ದೆ. ಮಾಳಿಗೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಹಾರಿಹೋಯಿತು.

ಅನುರಾಧಾ ಮೂಲೆಯಲ್ಲಿ ಕೂತಿದ್ದಳು. ಕೈಯಲ್ಲಿ ಅದೇ ಹಳೆಯ ಗಿಟಾರು. ತಲೆಕೆಳಗಾಗಿ ಅಲ್ಲ, ಅಂಗಡಿಯವರು ಕೊಟ್ಟ ಹಾಗೆ ನೆಟ್ಟಗೆ. ಬಲಗೈಯಲ್ಲಿ ಮೀಟುತ್ತಿದ್ದಳು. ಬೆರಳುಗಳು ಅಕ್ಷರ ತಿದ್ದುವ ಕೂಸಿನ ಬೆರಳಿನ ಹಾಗೆ ತಡವರಿಸುತ್ತಿದ್ದವು. ಇಷ್ಟು ವರ್ಷ ಕಲಿತದ್ದನ್ನು ಬಿಟ್ಟು ಮೊದಲಿನಿಂದ ಕಲಿಯುತ್ತಿದ್ದಳು. ನನ್ನ ಒಂದು ಮಾತಿಗೆ. ಮೈಕಿನ ಡಬ್ಬಿಯ ಮೇಲೆ ಕೂತುಬಿಟ್ಟೆ.

"ಬರ್ರಿ ಮಾಸ್ತರ" ಎಂದ ಜಕ್ಕಪ್ಪ. "ಚಹಾ ತರಸ್ತೀನಿ."

"ಚಹಾ ಆಮ್ಯಾಲೆ. ಎಲ್ಲಾರೂ ಒಂಚೂರು ಕೇಳ್ರಿ." ಕೀಬೋರ್ಡಿನವನು ಕೈ ತೆಗೆದ. "ಅವತ್ತ ಗಣಪತಿ ಮುಂದ ಸುರ ಕೆಟ್ಟಿದ್ದು ಸಾಮಾನಿಂದು. ಪಟ್ಟಿ ತಪ್ಪು ಕುಂದರಿಸಿದ್ದೆ. ಈಕಿ ಅಳತಿ ತಗೋರಿ ಅಂದ್ರೂ ತಗೊಂಡಿಲ್ಲ. ಈಕಿ ಕೈದು ಏನೂ ತಪ್ಪಿರಲಿಲ್ಲ. ನಿಮ್ಮೆಲ್ಲರ ಮುಂದ ನಾ ಸುಳ್ಳು ಹೇಳಿದೆ."

ನನ್ನ ದನಿ ನನಗೇ ಯಾರದ್ದೋ ಅನಿಸಿತು. ಜಕ್ಕಪ್ಪ ನಕ್ಕು, "ಹೋಗಲಿ ಬಿಡ್ರಿ ಮಾಸ್ತರ, ಅದು ಯಾರಿಗೆ ನೆನಪೈತಿ?" ಎಂದ.

"ನನಗೈತ್ರಿ" ಎಂದಳು ಅನುರಾಧಾ.

ಜಕ್ಕಪ್ಪನ ನಗು ನಿಂತಿತು. ಚಹಾ ಬಂತು. ಅವಳೇ ಎದ್ದು ಎಡಗೈಯಲ್ಲಿ ಒಂದು ಕಪ್ಪು ತಂದು ನನಗೆ ಕೊಟ್ಟಳು. ತೆಗೆದುಕೊಂಡೆ. ಬಹಳ ಬಿಸಿ ಇತ್ತು, ಇಡಲು ಜಾಗ ಕಾಣದೆ ಹಾಗೇ ಹಿಡಿದುಕೊಂಡು ಕೂತೆ.

"ನಂಗ ನಿಮ್ಮ ಮನ್ಯಾಗs ಹುಳಿ ಕೇಳಿಸಿತ್ರಿ ಕಾಕಾ" ಎಂದಳು. ಸಿಟ್ಟಿನಿಂದಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಹಾಗೆ. "ಹೇಳೂ ಹೇಳಿದೆ. ನಿಮಗ ಕೇಳಿಸಿಲ್ಲ ಅಂದಮ್ಯಾಲೆ ನನ್ನ ಕಿವೀನs ಖೊಟ್ಟಿ ಅಂದ್ಕೊಂಡೆ. ಸ್ಟೇಜ್ ಮ್ಯಾಲೆ ಜನಾ ನಕ್ಕಿದ್ದು ಬಿಡ್ರಿ. ಆಮ್ಯಾಲೆ ಸಾಲ್ಯಾಗ ಮಕ್ಕಳಿಗೆ ಒಂದು ಹಾಡು ಹೇಳಿಕೊಡಾಕೂ ಹೆದರೇನ್ರಿ, ಸುರ ತಪ್ಪಿದ್ರ ನನಗ ಗೊತ್ತಾಗಲಿಕ್ಕಿಲ್ಲ ಅಂತ."

"ತಪ್ಪಾತವಾ" ಎಂದೆ. ಅದಕ್ಕೆ ಅವಳು ಇರಲಿ ಬಿಡ್ರಿ ಅನ್ನಲಿಲ್ಲ. ಅನ್ನಲಿ ಎಂದು ಕಾದೆ, ಅನ್ನಲಿಲ್ಲ.

ಅವಳು ಹಳೆಯ ಗಿಟಾರನ್ನು ಗೋಡೆಗೆ ಆನಿಸಿ, ನಾನು ತಂದದ್ದನ್ನು ಎತ್ತಿಕೊಂಡಳು. ಹೆಗಲಿಗೆ ಹಾಕಿ ಎಡಗೈಯನ್ನು ತಂತಿಯ ಮೇಲೆ ಇಟ್ಟಳು. ಬಸ್ಸಿನ ಕುಲುಕಾಟಕ್ಕೆ ತಂತಿ ಇಳಿದಿದ್ದವು. ರೂಢಿಯಂತೆ ನಾನು ಎದ್ದು ಬಿರಡೆಗೆ ಕೈ ಚಾಚಿದೆ.

"ನೀವು ಕೂಡ್ರಿ ಕಾಕಾ. ನಾ ಕೇಳ್ತೀನಿ."

ಕೂತೆ. ಅವಳು ಕಣ್ಣು ಮುಚ್ಚಿ ಒಂದೊಂದೇ ತಂತಿ ಮೀಟಿ, ಬಿರಡೆ ತಿರುವಿ, ಕೂಡಿಸಿ ಒತ್ತಿ ಕೇಳುತ್ತ ಹೋದಳು. ಜಕ್ಕಪ್ಪನೂ ಕೀಬೋರ್ಡಿನವನೂ ಸುಮ್ಮನೆ ಕಾದರು. ಎಲ್ಲ ಮುಗಿಯಿತು ಅನ್ನುವಾಗ ಕೊನೆಯ ತಂತಿಯನ್ನು ಮತ್ತೆ ಒಂದು ಎಳೆ ಏರಿಸಿದಳು.

ಅದು ಮೊದಲೇ ಸರಿಯಿತ್ತು ಎಂದು ನನಗೆ ಅನಿಸಿತು. ನಾನು ಬಾಯಿ ಬಿಡಲಿಲ್ಲ.